ಬೀಗರ ಊರಲ್ಲಿ ಖಾನಾವಳಿ

ಮೊದಲು ನನ್ನ ದಡ್ಡತನ ಹೇಳಿ ಮುಗಿಸುತ್ತೇನೆ. ಆಮೇಲೆ ಉಳಿದವರನ್ನು ಕಾಡಿಸಲು ಸಲೀಸಾಗುತ್ತದೆ. ಯಲಬುರ್ಗಾದಲ್ಲಿ ಒಂದು ಸಂತೆಯ ದಿನ ಒಬ್ಬ ಹೆಣ್ಣುಮಗಳು ಖಾನಾವಳಿ ತೆರೆಯುವ ಮುಂಚಿನ ಪರೀಕ್ಷೆಗೆಂದು ಅಡುಗೆ ಮಾಡಿ ಮಾರಲು ಕೂತಳು. ಅಡುಗೆ ಕೆಟ್ಟಿರಲಿಲ್ಲ. ಜನ ಕಡಿಮೆ ಬಂದಿರಲಿಲ್ಲ. ರೊಟ್ಟಿಯ ಬುಟ್ಟಿ ಮಧ್ಯಾಹ್ನಕ್ಕೇ ತಳ ಕಂಡಿತ್ತು. ಆದರೂ ವ್ಯಾಪಾರ ನೆಲ ಕಚ್ಚಿತು. ಅಂದು ಕೆಟ್ಟದ್ದು ಒಂದೇ ಒಂದು, ರಸ್ತೆಗೆ ಮುಖ ಮಾಡಿ ನಿಂತಿದ್ದ ನನ್ನ ಬಾಯಿ.

ಈ ಬಾಯಿಗೆ ಗಂಗಾವತಿಯಲ್ಲಿ ಸ್ವಲ್ಪ ಹೆಸರಿದೆ. ನಮ್ಮ ಓಣಿಯ ಹಾಲಿನವನಿಂದ ಹಿಡಿದು ಕಾಲೇಜಿನ ಪ್ರಾಂಶುಪಾಲರವರೆಗೆ ಯಾರ ಧ್ವನಿಯನ್ನಾದರೂ ತೆಗೆಯುತ್ತೇನೆ. ಒಮ್ಮೆ ಅಪ್ಪನ ಧ್ವನಿಯಲ್ಲಿ ಫೋನ್ ಎತ್ತಿ ಮಾತಾಡಿದೆ. ಆ ಕಡೆ ಇದ್ದವರು ಅಪ್ಪನೇ. ಅಂದಿನಿಂದ ಮನೆಯಲ್ಲಿ ನಾನು ನನ್ನ ಸ್ವಂತ ಧ್ವನಿಯಲ್ಲಿ ಮಾತಾಡಿದರೂ ನಂಬುವುದಿಲ್ಲ.

ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಾ, ಅಂದರೆ ಮನೆಯಲ್ಲಿ ಮಲಗಿದ್ದಾಗ, ಒಬ್ಬ ಪರಿಚಯದವರು ಫೋನ್ ಮಾಡಿದರು. ನೆದರ್ಲ್ಯಾಂಡ್ಸಿನ ಒಬ್ಬ ಮೇಡಂ ಬಂದಿದ್ದಾರೆ, ತಮ್ಮ ದೇಶದಲ್ಲಿ ಬಹಳ ವರ್ಷ ಬ್ರೆಡ್ ಅಂಗಡಿ ನಡೆಸಿದವರು, ಅದನ್ನು ಮಾರಿ ಊರೂರು ತಿರುಗುತ್ತಾ ಸಾಣಾಪುರದ ಕೆರೆ ನೋಡಲು ಬಂದವರು ಅಲ್ಲೇ ಉಳಿದಿದ್ದಾರೆ. ಸಣ್ಣದಾಗಿ ಏನಾದರೂ ಶುರು ಮಾಡಬೇಕೆನ್ನುವ ಜನರಿಗೆ ವ್ಯಾಪಾರದ ಯೋಜನೆ ಹಾಕುವುದನ್ನು ಪುಕ್ಕಟೆಯಾಗಿ ಕಲಿಸುತ್ತಾರಂತೆ. ಯಲಬುರ್ಗಾದ ಒಂದು ತರಬೇತಿ ಕೇಂದ್ರ ಜಾಗ ಕೊಟ್ಟಿದೆ. ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಲು ಒಬ್ಬ ಸ್ವಯಂಸೇವಕ ಬೇಕು. ಸಂಬಳ ಇಲ್ಲ ಎಂದರು. ವಿದೇಶದವರ ಸಹಿ ಇರುವ ಪ್ರಮಾಣಪತ್ರ ಸಿಗುತ್ತದೆಯೇ ಎಂದು ಕೇಳಿದೆ. ಸಿಗುತ್ತದೆ ಎಂದರು. ನನ್ನ ಸೇವಾ ಮನೋಭಾವ ಆ ಕ್ಷಣದಲ್ಲೇ ಜಾಗೃತವಾಯಿತು.

ಬೇಸಿಗೆ ರಜೆಯ ದಿನಗಳು. ಮೇಡಂ ಸಾಣಾಪುರದಿಂದ ಆಟೋದಲ್ಲಿ ಗಂಗಾವತಿಗೆ ಬರುವರು, ಅಲ್ಲಿಂದ ಇಬ್ಬರೂ ಬಸ್ಸು ಹಿಡಿದು ಕೊಪ್ಪಳ, ಕುಕನೂರು ದಾಟಿ ಯಲಬುರ್ಗಾಕ್ಕೆ. ತರಬೇತಿಯಲ್ಲಿ ಹತ್ತು ಹನ್ನೆರಡು ಜನರಿದ್ದರು. ಕುರಿ ಸಾಕುವವರು, ಹೊಲಿಗೆಯವರು, ಹನುಮನಹಳ್ಳಿಯಲ್ಲಿ ಯಾತ್ರಿಕರಿಗೆ ಸ್ಕೂಟರ್ ಬಾಡಿಗೆಗೆ ಕೊಡುವ ಕನಸಿನ ಒಬ್ಬ. ಅವನ ಬಳಿ ಸ್ಕೂಟರ್ ಇರಲಿಲ್ಲ, ಕನಸು ಮಾತ್ರ ಇತ್ತು.

ಮೇಡಂ ಅವರ ಪದ್ಧತಿ ಸರಳ. ಗೋಡೆಗೆ ದೊಡ್ಡ ಹಾಳೆ ಅಂಟಿಸಿ ನಾಲ್ಕು ಪ್ರಶ್ನೆ ಬರೆಯುವರು. ಏನು ಮಾರುತ್ತೀ? ಯಾರಿಗೆ? ಒಂದನ್ನು ತಯಾರಿಸಲು ಖರ್ಚೆಷ್ಟು? ಒಂದು ದಿನ ನಿಜವಾಗಿ ಮಾರಿ ನೋಡಿದೆಯಾ? ಮೊದಲ ಮೂರಕ್ಕೆ ಬಾಯಲ್ಲಿ ಉತ್ತರ ಹೇಳಬಹುದು, ನಾಲ್ಕನೆಯದಕ್ಕೆ ಬೀದಿಗಿಳಿಯಲೇಬೇಕು ಎನ್ನುವರು. ನಾನು ಇದನ್ನೆಲ್ಲ ಅನುವಾದಿಸುವಾಗ ಸುಮ್ಮನೆ ಇರುತ್ತಿರಲಿಲ್ಲ. ‘ಗಿರಾಕಿ ಕೆಲವೊಮ್ಮೆ ಚೌಕಾಸಿ ಮಾಡುತ್ತಾನೆ’ ಎಂದು ಮೇಡಂ ಹೇಳಿದರೆ, ನಾನು ಗಂಗಾವತಿ ಮಾರುಕಟ್ಟೆಯಲ್ಲಿ ಕೊತ್ತಂಬರಿ ಕಟ್ಟಿಗೆ ಜೀವ ಹಿಂಡುವ ಮುದುಕಿಯಾಗುತ್ತಿದ್ದೆ. ಜನ ಬಿದ್ದು ಬಿದ್ದು ನಗುವರು. ಇಷ್ಟು ಖುಷಿಯಿಂದ ಕಲಿಯುವವರನ್ನು ನಾನು ನೋಡಿಲ್ಲ ಎಂದು ಮೇಡಂ ಕೇಂದ್ರದವರಿಗೆ ಹೇಳಿದರಂತೆ.

ಆ ಗುಂಪಿನಲ್ಲಿ ಒಬ್ಬರು ಬೇವೂರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ನಾನು ಅಕ್ಕಾರು ಅನ್ನುತ್ತಿದ್ದೆ. ಗಂಡ ಬೇವೂರಿನಲ್ಲಿ ಹೊಲ ನೋಡುತ್ತಾರೆ. ಗಂಡನ ಅಣ್ಣ, ಅಂದರೆ ಅಕ್ಕಾರ ಭಾವ, ಯಲಬುರ್ಗಾದಲ್ಲಿ ಕಿರಾಣಿ ಅಂಗಡಿ ಇಟ್ಟವರು. ಅಂಗಡಿಯ ಪಕ್ಕದಲ್ಲಿ ಅವರದೇ ಒಂದು ಮಳಿಗೆ ಖಾಲಿ ಬಿದ್ದಿತ್ತು. ಅದರಲ್ಲಿ ಖಾನಾವಳಿ ಇಡಬೇಕೆಂಬುದು ಅಕ್ಕಾರ ಆಸೆ. ಆದರೆ ಮೊಬೈಲ್ ರಿಪೇರಿ ಮಾಡುವ ಒಬ್ಬ ಹುಡುಗ ಅದೇ ಮಳಿಗೆಗೆ ಕಣ್ಣು ಹಾಕಿದ್ದ. ಭಾವ ಒಂದೇ ಮಾತು ಹೇಳಿದ್ದರು: ನಡೆಯುತ್ತದೆ ಅಂತ ತೋರಿಸು, ಮಳಿಗೆ ನಿನಗೆ, ಇಲ್ಲವಾದರೆ ಅವನಿಗೆ.

ಖರ್ಚಿನ ಲೆಕ್ಕ ಹಾಕಲು ಕೂತ ದಿನವೇ ಎರಡು ದೇಶಗಳಿಗೆ ತಿಕ್ಕಾಟವಾಯಿತು. ಒಂದು ಊಟಕ್ಕೆ ಎಷ್ಟು ರೊಟ್ಟಿ ಎಂದು ಮೇಡಂ ಕೇಳಿದರು.

“ಉಣ್ಣಾವ್ರು ಸಾಕು ಅನ್ನೂತನಕ,” ಎಂದರು ಅಕ್ಕಾರು.

“ಸಾಕು ಎಂದ ಮೇಲೆ?”

“ಸಾಕು ಅಂದ ಮ್ಯಾಲೆ ಇನ್ನೊಂದು.”

ನಾನು ಹಾಗೇ ಅನುವಾದಿಸಿದೆ. ಮೇಡಂ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು, ನಾನು ತಮಾಷೆ ಮಾಡುತ್ತಿದ್ದೇನೆಂದು. ಜೀವನದಲ್ಲಿ ಮೊದಲ ಸಲ ನಾನು ನಿಯತ್ತಾಗಿದ್ದೆ.

ಸಂತೆಯ ದಿನ ಪರೀಕ್ಷೆ ಎಂದು ನಿಶ್ಚಯವಾಯಿತು. ಭಾವನ ಅಂಗಡಿಯ ಎದುರಿಗೆ ಬೇವಿನ ಮರದ ಕೆಳಗೆ ಟೇಬಲ್ಲು, ಎರಡು ಬೆಂಚು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಹೆಚ್ಚಿದ ಉಳ್ಳಾಗಡ್ಡಿ, ಮಜ್ಜಿಗೆ. ಹಲಗೆಯ ಮೇಲೆ ಊಟದ ದರ. ದುಡ್ಡಿಗೊಂದು ಡಬ್ಬಿ. ಮೇಡಂ ಮರದ ಬುಡದಲ್ಲಿ ಕುರ್ಚಿ ಹಾಕಿಕೊಂಡು, ಉಂಡೆದ್ದ ಪ್ರತಿಯೊಬ್ಬರಿಗೂ ಹಾಳೆಯಲ್ಲಿ ಒಂದು ಗೀಟು ಎಳೆಯುವುದು. ಜನರನ್ನು ಕರೆಯುವುದು ನನ್ನ ಪಾಲಿನ ಕೆಲಸ.

ಕೊಪ್ಪಳದ ಬಸ್ಸಿನ ಕಂಡಕ್ಟರ್ ಧ್ವನಿ ತೆಗೆದೆ. “ಹಸದಾವ್ರು ಮುಂದ ಬರ್ರಿ, ಉಂಡಾವ್ರು ಹಿಂದ ಸರೀರಿ! ಚಿಲ್ಲರ ಕೈಯಾಗ ಹಿಡ್ಕೋರಿ!” ಜನ ನಿಂತರು, ನಕ್ಕರು. ನಕ್ಕವರನ್ನು ಕಂಡರೆ ನನಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. “ಬ್ಯಾರೆ ಯಾರೂ ಅಲ್ರಿ, ಬೇವೂರು ಸಾಲಿ ಅಡಗಿ ಅಕ್ಕಾರು! ಈ ಕಿರಾಣಿ ಅಂಗಡಿ ಅಣ್ಣಾರ ತಮ್ಮನ ಹೆಂಡ್ತಿ! ಕುಷ್ಟಗಿ ಕಡೆ ಹೆಣ್ಣಮಗಳು! ಬರ್ರಿ!”

ರುಮಾಲು ಸುತ್ತಿದ ಒಬ್ಬ ಅಜ್ಜ ಮೊದಲು ಬಂದು ಕೂತರು. ಎರಡನೇ ರೊಟ್ಟಿ ಮುರಿಯುವ ಹೊತ್ತಿಗೆ ವಿಚಾರಣೆ ಶುರುವಾಯಿತು.

“ಕುಷ್ಟಗಿ ಅಂದ್ರ ಯಾವ ಮನಿಯಾಕಿ ಯವ್ವಾ ನೀ?”

ಅಕ್ಕಾರು ತವರಿನ ಮನೆತನ ಹೇಳಿದರು.

“ಅಯ್ಯ ಇವನ! ನಿಮ್ಮಜ್ಜ ಸಂತಿಗೆ ಬಂದ್ರ ನಮ್ಮ ಮನ್ಯಾಗ ಉಣ್ಣಲಾರದ ಹೋಗಿದ್ದಿಲ್ಲ.”

“ಹಂಗಾರ ನೀವು ನನಗೂ ಅಜ್ಜಾರ ಆದ್ರಿ.” ಅಜ್ಜ ಕೈ ತೊಳೆದು ಸೊಂಟದ ಚೀಲಕ್ಕೆ ಕೈ ಹಾಕಿದ್ದೇ ತಡ, “ಬ್ಯಾಡ್ರಿ ಅಜ್ಜಾರ, ನಿಮ್ಮ ಕಡೆ ಇಸ್ಕೊಂಡು ನಾ ಎಲ್ಲಿ ಇಡ್ಲಿ?”

ಅಜ್ಜ ಆಶೀರ್ವಾದ ಮಾಡಿ ಸಂತೆಯೊಳಗೆ ಹೋದರು. ಹೋದವರು ಸುಮ್ಮನಿದ್ದರೆ ಆಗುತ್ತಿತ್ತು. ಊಟವನ್ನೂ ಹೊಗಳಿದರು, ಸಂಬಂಧವನ್ನೂ ಹೇಳಿದರು. ಬಳೆ ಮಾರುವವಳು ಬಂದು ನಾನು ನಿನಗೆ ದೊಡ್ಡವ್ವ ಆಗಬೇಕು ಎಂದಳು. ಟ್ರ್ಯಾಕ್ಸ್ ಜೀಪು ಓಡಿಸುವವನು ಬಂದು “ನಿಮ್ಮ ಮನಿಯವರು ನಾನು ಒಂದ ಸಾಲ್ಯಾಗ ಹೊಡತಾ ತಿಂದವರು,” ಎಂದ. ಅಕ್ಕಾರು ಎಲ್ಲರಿಗೂ ಸಾಕು ಎಂದ ಮೇಲೆ ಇನ್ನೊಂದು ಹಾಕಿದರು, ಎಲ್ಲರಿಗೂ ಬ್ಯಾಡ್ರಿ ಎಂದರು. ಅತ್ತ ಮೇಡಂ ಗೀಟಿನ ಮೇಲೆ ಗೀಟು ಎಳೆದು ಆನಂದದಿಂದ ಕೆಂಪಗಾಗಿದ್ದರು. ಬಿಸಿಲಿಗೂ ಇರಬಹುದು.

ಕೊನೆಗೆ ಡಬ್ಬಿ ತೆರೆದರೆ ಇಬ್ಬರ ದುಡ್ಡಿತ್ತು. ಒಬ್ಬ ರಾಯಚೂರಿನಿಂದ ಪ್ಲಾಸ್ಟಿಕ್ ಕೊಡ ಮಾರಲು ಬಂದವನು. ಇನ್ನೊಬ್ಬರು ಸ್ವತಃ ಮೇಡಂ.

ಭಾವ ಅಂಗಡಿಯ ಗಲ್ಲೆಯಿಂದಲೇ ಎಲ್ಲ ನೋಡಿದ್ದರು. ರಸ್ತೆ ದಾಟಿ ಬಂದರು. “ಊಟ ಛಲೋ ಆಗೈತವಾ, ಮಂದಿ ಭಾಳ ಹೊಗಳಾಕ ಹತ್ಯಾರ. ಆದ್ರ ಇದಕ್ಕ ಖಾನಾವಳಿ ಅನ್ನಂಗಿಲ್ಲ, ದಾಸೋಹ ಅಂತಾರ. ಅದಕ್ಕ ಮಠ ಐತಿ. ನನ್ನ ಮಳಿಗಿ ಯಾಕ ಬೇಕು?”

ಅಕ್ಕಾರು ಸೆರಗಿನಿಂದ ಬೆವರು ಒರೆಸಿಕೊಂಡರು. “ಇನ್ನೊಂದ ಸರ್ತಿ ಮಾಡಿ ನೋಡ್ತೀನ್ರಿ ಭಾವಾರ.”

“ಮಾಡು. ಮುಂದಿನ ವಾರ ಆ ಮೊಬೈಲ್ ಹುಡುಗ ಬರ್ತಾನ. ಅವತ್ತ ಅವಂಗ ಹೂಂ ಇಲ್ಲಾ ಉಹೂಂ ಅನ್ನಬೇಕು ನಾನು.”

ಹಿಂದಿರುಗುವ ಬಸ್ಸಿನಲ್ಲಿ ಮೇಡಂ ಮೆಲ್ಲಗೆ ಕೇಳಿದರು, ಉಂಡವರೆಲ್ಲ ನಿಜವಾಗಿ ಬಂಧುಗಳೇ ಎಂದು. ಕೇಳುತ್ತಾ ಹೋದರೆ ಎಲ್ಲರೂ ಬಂಧುಗಳೇ ಎಂದೆ. ತಮ್ಮ ಅಂಗಡಿಯಲ್ಲಿ ಸ್ವಂತ ತಮ್ಮ ಕೂಡ ಸಾಲಿನಲ್ಲಿ ನಿಂತು ದುಡ್ಡು ಕೊಟ್ಟು ಬ್ರೆಡ್ ಒಯ್ಯುತ್ತಿದ್ದ ಎಂದರು. ನನಗೆ ಆ ತಮ್ಮನ ಬಗ್ಗೆ ಮರುಕ ಬಂತು. ಆಮೇಲೆ, “ಅವಳು ಯಾರ ಮನೆಯವಳು ಎಂದು ಅವರಿಗೆಲ್ಲ ಹೇಳಿದ್ದು ಯಾರು?” ಎಂದರು. ಸಿಟ್ಟಿಲ್ಲ, ಬರೀ ಪ್ರಶ್ನೆ. ಕಿಟಕಿಯ ಹೊರಗೆ ಎರೆ ಹೊಲದ ಆಚೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. ಕುಕನೂರು ಬರುವವರೆಗೆ ನಾನು ಅವನ್ನೇ ನೋಡುತ್ತಾ ಕೂತೆ.

ಮುಂದಿನ ತರಗತಿಯಲ್ಲಿ ತಾಲೀಮು. ನಾನು ಗಿರಾಕಿ, ಅಕ್ಕಾರು ದರ ಹೇಳಿ ದುಡ್ಡು ಇಸಿದುಕೊಳ್ಳಬೇಕು. ನಾನು ಅವರ ಭಾವನೇ ಆದೆ. ಭಾವ ಕೆಮ್ಮಿ, ಕನ್ನಡಕ ಹಣೆಗೇರಿಸಿ, ಜೇಬು ತಡಕುವುದನ್ನೆಲ್ಲ ಮಾಡಿದೆ. ತರಗತಿ ಹೊಟ್ಟೆ ಹಿಡಿದುಕೊಂಡಿತು. ಅಕ್ಕಾರು ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ದರ ಹೇಳಲೇ ಇಲ್ಲ.

ಮೇಡಂ ಎದ್ದು ನಿಂತರು. “ನೀನು ಇವರು ನಗಲಿ ಎಂದು ಮಾಡುತ್ತಿದ್ದೀ. ಅವಳಿಗೆ ಉತ್ತರ ಕೊಡಲು ಆಗುವಂತೆ ಮಾಡು,” ಎಂದು ಇಂಗ್ಲಿಷಿನಲ್ಲಿ ಹೇಳಿ, ಇದನ್ನೂ ಅನುವಾದಿಸು ಎಂದರು. ನನ್ನ ಬೈಗುಳವನ್ನು ನಾನೇ ಕನ್ನಡದಲ್ಲಿ ಹೇಳಿಕೊಂಡೆ. ಇಂಥ ಕಷ್ಟದ ಅನುವಾದ ಮತ್ತೆ ಬಂದಿಲ್ಲ.

ಆಮೇಲೆ ಕೆಮ್ಮು ಕನ್ನಡಕ ಬಿಟ್ಟು, ಹಸಿದು ಬಂದ ಮನುಷ್ಯನಂತೆ ಕೂತೆ. ಉಂಡೆ, ಎದ್ದೆ, ಎಷ್ಟಾಯಿತು ಎಂದೆ. ಅಕ್ಕಾರು ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡರು.

“ಬಾಯಿಗೆ ಬರವಲ್ದು ತಮ್ಮಾ. ನಾಳಿ ಅವರ ಮನಿ ಮುಂದ ಹಾಯ್ದು ಹೋಗಾಕಿ ನಾನು.”

ಹಾಗಾದರೆ ಯಾರೂ ಗುರುತಿಲ್ಲದ ದೊಡ್ಡ ಊರಿನಲ್ಲಿ ಶುರು ಮಾಡಬಾರದೇ, ಗಂಗಾವತಿಯಂಥದ್ದರಲ್ಲಿ, ಎಂದರು ಮೇಡಂ.

“ಮಕ್ಕಳ ಸಾಲಿ ಇಲ್ಲಿ, ಹೊಲ ಇಲ್ಲಿ, ಮಳಿಗಿ ಇಲ್ಲಿ. ಗಂಗಾವತ್ಯಾಗ ನನಗ ಏನೈತ್ರಿ? ಈ ತಮ್ಮ ಅದಾನ, ಇವನ ಬಾಯಿ ಐತಿ.” ಎಲ್ಲರೂ ನಕ್ಕರು. ಅಕ್ಕಾರು ನಗಲಿಲ್ಲ. ಗೋಡೆಯ ಹಾಳೆಯ ಎರಡನೇ ಪ್ರಶ್ನೆಯನ್ನು ನೋಡುತ್ತಿದ್ದರು. “ಯಲಬುರ್ಗಾದಾಗ ನನಗ ಬಳಗ ಆಗಲಾರದವರು ಯಾರೂ ಇಲ್ಲೇನು? ಅವರನ್ನ ಮೊದಲ ಹುಡುಕೂಣಲ್ಲ?”

ಮೇಡಂ ಇದನ್ನು ಕೇಳಿ ಹಾಳೆಯ ‘ಯಾರಿಗೆ’ ಎಂಬಲ್ಲಿ ಬರೆದಿದ್ದ ‘ಎಲ್ಲರಿಗೂ’ ಎಂಬುದನ್ನು ಹೊಡೆದುಹಾಕಿದರು. ಅದು ನನ್ನ ಅಕ್ಷರದಲ್ಲಿತ್ತು.

ಅಂದು ಮಧ್ಯಾಹ್ನವೇ ಮೂವರೂ ಹೊರಟೆವು. ಬ್ಯಾಂಕು, ಆಸ್ಪತ್ರೆ, ಗಾಳಿಯಂತ್ರದ ಕೆಲಸದವರು ಬಾಡಿಗೆಗಿದ್ದ ಕೋಣೆಗಳು. ಮಾತಾಡಿದ್ದು ಅಕ್ಕಾರೇ. ಎಲ್ಲ ಕಡೆ ಮೊದಲ ಪ್ರಶ್ನೆ ಒಂದೇ: “ನಿಮ್ಮದು ಯಾವ ಊರ್ರಿ?” ದೂರದ ಊರಿನ ಹೆಸರು ಬಂದರೆ ಅವರ ಮುಖ ಅರಳುತ್ತಿತ್ತು. ನಮ್ಮ ಕಡೆ ಸಂಬಂಧ ಸಿಗದಿದ್ದಕ್ಕೆ ಯಾರಾದರೂ ಅಷ್ಟು ಸಂತೋಷಪಟ್ಟದ್ದನ್ನು ನಾನು ಕಂಡಿಲ್ಲ. ಬ್ಯಾಂಕಿನವರೊಬ್ಬರು ಕುಷ್ಟಗಿ ಎಂದಾಗ ಅಕ್ಕಾರು ಮುಂದೆ ಒಂದು ಮಾತೂ ಆಡದೆ ನಮಸ್ಕಾರ ಮಾಡಿ ಹೊರಬಂದುಬಿಟ್ಟರು.

ಆಸ್ಪತ್ರೆಯ ನರ್ಸ್ ಮಂಡ್ಯದವರು. “ಬರ್ತೀವಿ ಕಣಕ್ಕ. ಆದ್ರೆ ದಿನಾ ರೊಟ್ಟಿ ನಮ್ಮ ಕೈಲಾಗಲ್ಲ, ಅನ್ನ ಇರ್ಲಿ,” ಎಂದರು. ಗಾಳಿಯಂತ್ರದ ಹುಡುಗರು ಆಂಧ್ರದವರು. ಗಂಗಾವತಿಯಲ್ಲಿ ಆಂಧ್ರದಿಂದ ಬಂದು ನೆಲೆಸಿದವರ ನಡುವೆ ಬೆಳೆದವನಾದ್ದರಿಂದ ತೆಲುಗಿನಲ್ಲಿ ನಾನೇ ಕೇಳಿದೆ. ಅವರಿಗೂ ಅನ್ನವೇ ಬೇಕಿತ್ತು, ಖಾರವಾದ ಸಾರಿನ ಜೊತೆ. ಅಕ್ಕಾರ ಮುಖ ಬಾಡಿತು. “ನನ್ನ ರೊಟ್ಟಿ ಸಲುವಾಗಿ ಖಾನಾವಳಿ ಇಡಾಕಿ ನಾನು. ಅನ್ನ ಸಾರು ಯಾರರ ಮಾಡ್ತಾರ,” ಎಂದು ದಾರಿಯುದ್ದಕ್ಕೂ ಗೊಣಗಿದರು. ಆದರೂ ಹಾಳೆ ಹೊಸದಾಗಿ ಬರೆದೆವು. ಊಟವೆಂದರೆ ಎರಡು ರೊಟ್ಟಿ, ಪಲ್ಯ, ಅನ್ನ, ಸಾರು, ಮಜ್ಜಿಗೆ. ಹೆಚ್ಚಿನ ರೊಟ್ಟಿಗೆ ಬೇರೆ ದರ. ಒತ್ತಾಯ ಮಾಡಿ ಬಡಿಸುವುದು ಸಾರು ಮತ್ತು ಮಜ್ಜಿಗೆಗೆ ಮಾತ್ರ. ಈ ಕೊನೆಯ ಕರಾರಿಗೆ ಅರ್ಧ ಗಂಟೆ ಹಿಡಿಯಿತು.

ಮೊದಲು ದುಡ್ಡು, ಆಮೇಲೆ ತಟ್ಟೆ ಎಂಬ ಮೇಡಂ ಸಲಹೆಯನ್ನು ಅಕ್ಕಾರು ಒಪ್ಪಲೇ ಇಲ್ಲ. “ಹಸದ ಬಂದಾವ್ರಿಗೆ ಮೊದಲ ರೊಕ್ಕ ಕೇಳಿದ್ರ ಅನ್ನ ಗಂಟಲಾಗ ಇಳೀತೈತೇನ್ರಿ?” ಮೇಡಂ ಸೋತರು. ಉಂಡ ಮೇಲೆ ದುಡ್ಡು. ಇಸಿದುಕೊಳ್ಳುವವನು ಅಕ್ಕಾರಿಗೆ ಏನೂ ಆಗಬಾರದವನು. ಅಂಥವನೊಬ್ಬ ಇದ್ದೇ ಇದ್ದ. ಅವನಿಗೆ ಅಕ್ಕಾರು ಹಾಕಿದ ಷರತ್ತು ಒಂದು: “ಡಬ್ಬಿ ಮುಂದ ಕುಂತಾಗ ಬಾಯಿ ತಗೀಬ್ಯಾಡ.”

ಎರಡನೇ ಪರೀಕ್ಷೆಗೆ ಭಾವ ಮಳಿಗೆಯ ಬೀಗದ ಕೈ ಒಂದು ದಿನದ ಮಟ್ಟಿಗೆ ಕೊಟ್ಟರು. ಹೊರಗಿನ ಹಲಗೆಯಲ್ಲಿ ‘ಊಟ ಇದೆ’ ಎಂಬುದೂ ದರವೂ ಬಿಟ್ಟರೆ ಬೇರೇನೂ ಇರಲಿಲ್ಲ. ಮೊದಲ ಅನ್ನವೇ ಕೈಕೊಟ್ಟಿತು. ಶಾಲೆಯ ಮಕ್ಕಳಿಗೆ ಮಾಡಿ ಮಾಡಿ ಅಕ್ಕಾರ ಕೈಗೆ ಮೆತ್ತನೆ ಅನ್ನವೇ ರೂಢಿಯಾಗಿತ್ತು. ಆಂಧ್ರದ ಹುಡುಗನೊಬ್ಬ ಅದನ್ನು ಕಲಸಿ ನೋಡಿ, ನನಗಿನ್ನೂ ಹಲ್ಲಿವೆ ಎಂದು ತೆಲುಗಿನಲ್ಲಿ ಹೇಳಿದ. ಅನುವಾದಿಸಲು ಬಾಯಿ ತುರಿಸಿತು. ಸುಮ್ಮನೆ ಅನ್ನದ ಕಡೆ ಬೆರಳು ತೋರಿಸಿದೆ. ಅಕ್ಕಾರಿಗೆ ತಿಳಿಯಿತು. ಎರಡನೇ ಪಾತ್ರೆ ಇಳಿಯುವವರೆಗೆ ಅವರಿಗೆಲ್ಲ ರೊಟ್ಟಿ ಹಾಕಿದರು. ಹೆಚ್ಚಿನ ರೊಟ್ಟಿಗೆ ಬೇರೆ ದರ ಎಂಬುದನ್ನು ಮರೆತು ಹಾಕಿದರು, ಅದು ಬೇರೆ ಮಾತು.

ಮುಂದೆ ಸರಾಗವಾಯಿತು. ನರ್ಸ್ ಇಬ್ಬರು ಗೆಳತಿಯರನ್ನು ಕರೆತಂದರು. ಬ್ಯಾಂಕಿನಿಂದ ಪಾರ್ಸಲ್ ಒಯ್ದರು. ಉಂಡವರು ನನ್ನ ಮುಂದೆ ನಿಂತು ದುಡ್ಡು ಕೊಡುವಾಗಲೆಲ್ಲ ಅಕ್ಕಾರು ಒಲೆಯ ಕಡೆಗೆ ತಿರುಗಿಕೊಳ್ಳುತ್ತಿದ್ದರು. ರುಮಾಲಿನ ಅಜ್ಜ ಬಾಗಿಲಲ್ಲಿ ಇಣುಕಿದರು. “ಏನಪಾ, ಇವತ್ತ ಬಾಯಿ ಮನ್ಯಾಗ ಬಿಟ್ಟು ಬಂದಿಯೇನು?” ಎಂದು ನನ್ನನ್ನು ಕೇಳಿ, ಹಲಗೆ ಓದಿ, ಮುಂದೆ ಹೋದರು.

ಜನ ತುಂಬಿದ್ದಾಗಲೇ ಮೊಬೈಲ್ ಹುಡುಗ ಬಂದು ಭಾವನ ಅಂಗಡಿಯ ಮೆಟ್ಟಿಲಲ್ಲಿ ಕೂತ. “ಏನ್ ಮಾಡ್ತೀರಿ ಅಣ್ಣಾರ?” ಎಂದದ್ದು ನಮಗೂ ಕೇಳಿಸಿತು. ಭಾವ ಗಲ್ಲೆಯಿಂದ ಎದ್ದರು. ಮನೆಯಿಂದ ಬೆಳಿಗ್ಗೆಯೇ ಬಂದು ತಣ್ಣಗಾಗಿದ್ದ ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ನೇರ ಮಳಿಗೆಯೊಳಗೆ ಬಂದು, ಆಂಧ್ರದ ಹುಡುಗರ ನಡುವೆ ಬೆಂಚಿನಲ್ಲಿ ಕೂತರು.

ಅಕ್ಕಾರು ಬಡಿಸಿದರು. ಭಾವ ತಲೆ ಎತ್ತದೆ ಉಂಡರು. ಎಣ್ಣೆಗಾಯಿಯ ರಸವನ್ನು ರೊಟ್ಟಿಯ ಕೊನೆಯ ಚೂರಿನಲ್ಲಿ ಒರೆಸಿ ತಿಂದರು. ಮೂರನೇ ರೊಟ್ಟಿ ತಾವೇ ಕೇಳಿ ಹಾಕಿಸಿಕೊಂಡರು. ಕೈ ತೊಳೆದು ಬಂದು, ಜೇಬಿನಿಂದ ನೋಟು ತೆಗೆದು ನನ್ನ ಕಡೆ ಚಾಚಿದರು. ನಾನು ಕೈ ನೀಡಿದೆ.

“ತಮ್ಮಾ, ಅವರ ಕಡೆ ಇಸ್ಕೋಬ್ಯಾಡ!” ಒಲೆಯ ಹತ್ತಿರದಿಂದ ಅಕ್ಕಾರ ಧ್ವನಿ. “ಭಾವಾರು ಅವರು.”

ಉಣ್ಣುತ್ತಿದ್ದವರ ಕೈ ನಿಂತಿತು. ಮೇಡಂ ಅವರಿಗೆ ಯಾರೂ ಅನುವಾದಿಸಬೇಕಾಗಿರಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ತಲೆ ತಗ್ಗಿಸಿದರು. ಮೆಟ್ಟಿಲಿನ ಮೇಲಿದ್ದ ಮೊಬೈಲ್ ಹುಡುಗ ಎದ್ದು ನಿಂತ. ನಾನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡೆ. ಅಕ್ಕಾರು ಸೌಟು ಹಿಡಿದುಕೊಂಡೇ ಮುಂದೆ ಬಂದು, “ನೀವು ರೊಕ್ಕ ಕೊಟ್ರ ನನಗ ಛಲೋ ಅನಸಂಗಿಲ್ರಿ ಭಾವಾರ,” ಎಂದರು.

ಭಾವ ನೋಟನ್ನು ಡಬ್ಬಿಯೊಳಗೆ ತಾವೇ ಹಾಕಿದರು.

“ಇವತ್ತ ಪುಕ್ಕಟ ಉಂಡು ಎದ್ರ, ನಾಳಿ ಯಾವ ಮುಖಾ ಹೊತ್ಕೊಂಡು ನಿನ್ನ ಖಾನಾವಳಿಗೆ ಉಣ್ಣಾಕ ಬರ್ಲಿ ನಾನು?”